‘ಹ್ಯಾವ್’ ಎಲ್ಲಿ, ‘ಹ್ಯಾಸ್’ ಎಲ್ಲಿ: ‘ಗೆ’ ಕಳಚಿ ನೋಡುವ ಕ್ರಮ

‘ಮೈ ಬ್ರದರ್ ಹ್ಯಾವ್ ಟೂ ಶಾಪ್ಸ್’ ಎಂದು ಬರೆಯುವವರಿಗೆ ನಿಯಮ ಗೊತ್ತಿಲ್ಲವೆಂದಲ್ಲ. ಹೀ, ಶೀ, ಇಟ್ ಬಂದರೆ ‘ಹ್ಯಾಸ್’ ಎಂದು ಕೇಳಿದೊಡನೆ ಒಪ್ಪಿಸುತ್ತಾರೆ. ತೊಡಕು ಇರುವುದು ಮನಸ್ಸಿನಲ್ಲಿ ಮೊದಲೇ ಮೂಡಿದ ಕನ್ನಡ ವಾಕ್ಯದಲ್ಲಿ. ‘ಅಣ್ಣನಿಗೆ ಎರಡು ಅಂಗಡಿಗಳಿವೆ’ ಎನ್ನುವಾಗ ನಮ್ಮ ಕ್ರಿಯಾಪದ ಅಂಗಡಿಗಳನ್ನು ನೋಡಿ ‘ಇವೆ’ ಆಗುತ್ತದೆ. ಇಂಗ್ಲಿಷಿನಲ್ಲಿ ಲೆಕ್ಕಕ್ಕೆ ಬರುವುದು ಒಡೆಯ ಮಾತ್ರ. ಅಂಗಡಿ ನೂರಿದ್ದರೂ ಅಣ್ಣ ಒಬ್ಬನೇ, ಆದ್ದರಿಂದ ‘ಹ್ಯಾಸ್’.

ಹೀಗಾಗಿ ಕಲಿಸುವಾಗ ಮೊದಲು ಹತ್ತು ಕನ್ನಡ ವಾಕ್ಯ ಬರೆಸುತ್ತೇನೆ. ಪ್ರತಿಯೊಂದರ ಕೊನೆಯಲ್ಲೂ ಇದೆ, ಇವೆ, ಇದ್ದಾರೆ, ಇಲ್ಲ ಇವುಗಳಲ್ಲೊಂದು ಇರಬೇಕು. ‘ಗೆ’ ಅಥವಾ ‘ಕ್ಕೆ’ ಹತ್ತಿದ ಪದ ಹುಡುಕಿ ಆ ಪ್ರತ್ಯಯ ಕಳಚಿದರೆ ಉಳಿಯುವುದೇ ಇಂಗ್ಲಿಷ್ ವಾಕ್ಯದ ಕರ್ತೃ. ‘ನನ್ನ ಹತ್ತಿರ ಚಿಲ್ಲರೆ ಇದೆ’ ಎಂಬಲ್ಲಿ ‘ಹತ್ತಿರ’ವನ್ನೂ ಹೀಗೇ ಬಿಡಬೇಕು. ಆ ಕರ್ತೃವಿನ ಜಾಗದಲ್ಲಿ ಹೀ, ಶೀ, ಇಟ್ ಕೂತರೆ ‘ಹ್ಯಾಸ್’; ಐ, ಯೂ, ವೀ, ದೇ ಕೂತರೆ ‘ಹ್ಯಾವ್’. ‘ನಮ್ಮೂರಲ್ಲಿ ಎರಡು ಕೆರೆಗಳಿವೆ’ ಎಂಬುದಕ್ಕೆ ಎರಡು ದಾರಿ: ‘ಅವರ್ ವಿಲೇಜ್ ಹ್ಯಾಸ್ ಟೂ ಲೇಕ್ಸ್’ ಅಥವಾ ‘ದೇರ್ ಆರ್ ಟೂ ಲೇಕ್ಸ್ ಇನ್ ಅವರ್ ವಿಲೇಜ್’. ಎರಡನೆಯದರಲ್ಲಿ ಲೆಕ್ಕ ಮತ್ತೆ ಕೆರೆಗಳದೇ, ಕನ್ನಡದಂತೆ. ಎರಡನ್ನೂ ಬೆರೆಸಿದಾಗ ‘ಇನ್ ಅವರ್ ವಿಲೇಜ್ ಹ್ಯಾವ್’ ಎಂಬ ಕಲಬೆರಕೆ ಹುಟ್ಟುತ್ತದೆ.

‘ಗೆ’ ಇರುವಲ್ಲೆಲ್ಲ ಇದು ನಡೆಯುವುದಿಲ್ಲ. ‘ಅವಳಿಗೆ ಹತ್ತು ವರ್ಷ’ ಎಂದರೆ ‘ಶೀ ಈಸ್ ಟೆನ್’, ‘ನನಗೆ ಹಸಿವಾಗಿದೆ’ ಎಂದರೆ ‘ಐ ಆಮ್ ಹಂಗ್ರಿ’. ಬೇಕು, ಗೊತ್ತು, ಇಷ್ಟ ಇವುಗಳಿಗೆ ವಾಂಟ್, ನೋ, ಲೈಕ್ ಎಂಬ ಬೇರೆಯೇ ಕ್ರಿಯಾಪದಗಳಿವೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ‘ಇಲ್ಲ’ಕ್ಕೆ. ‘ಹೀ ಡಸಂಟ್ ಹ್ಯಾಸ್’ ಎಂಬ ತಪ್ಪು ಚೆನ್ನಾಗಿ ಓದಿದವರಲ್ಲೂ ಸುಳಿಯುತ್ತದೆ. ಏಕವಚನದ ‘ಸ್’ ವಾಕ್ಯದಲ್ಲಿ ಒಂದೇ ಸಲ ಬರಬೇಕು; ಅದನ್ನು ‘ಡಸ್’ ತೆಗೆದುಕೊಂಡಾಗಿದೆ, ಹಾಗಾಗಿ ‘ಹೀ ಡಸಂಟ್ ಹ್ಯಾವ್’. ಪ್ರಶ್ನೆಯಲ್ಲೂ ಹಾಗೆಯೇ, ‘ಡಸ್ ಹೀ ಹ್ಯಾವ್?’ ಎಂದು. ಮೊದಲು ಬರೆದ ಹತ್ತೂ ವಾಕ್ಯಗಳನ್ನು ಇಲ್ಲ ಎಂದು ತಿರುಗಿಸಿ, ಮತ್ತೆ ಪ್ರಶ್ನೆಯಾಗಿ ತಿರುಗಿಸಿ, ಜೋರಾಗಿ ಓದಿಸಬೇಕು. ಕಣ್ಣಿಗಿಂತ ಕಿವಿ ಬೇಗ ತಪ್ಪು ಹಿಡಿಯುತ್ತದೆ. ಆದರೆ ‘ಹೋಗಿಲ್ಲ, ಬಂದಿಲ್ಲ’ ಎಂಬಲ್ಲಿ ‘ಡಸ್’ಗೆ ಕೆಲಸವಿಲ್ಲ: ‘ಹೀ ಹ್ಯಾಸಂಟ್ ಕಮ್’.

ಇಲ್ಲೇ ಬಹುವಚನದ ಗೌರವವೂ ಅಡ್ಡ ಬರುತ್ತದೆ. ‘ಮೇಷ್ಟ್ರು ಬಂದಿದ್ದಾರೆ’ ಎಂಬ ಮರ್ಯಾದೆಯಲ್ಲಿ ‘ಸರ್ ಹ್ಯಾವ್ ಕಮ್’ ಎಂದುಬಿಡುತ್ತೇವೆ. ಎಷ್ಟೇ ದೊಡ್ಡವರಾದರೂ ಒಬ್ಬರಿದ್ದರೆ ‘ಹ್ಯಾಸ್’. ‘ಎಲ್ಲರಿಗೂ’ ಎಂಬುದು ನಮಗೆ ಬಹುವಚನ, ‘ಎವ್ರಿಬಡಿ’ ಮಾತ್ರ ‘ಹ್ಯಾಸ್’ ಬೇಡುತ್ತದೆ. ‘ಒನ್ ಆಫ್ ಮೈ ಫ್ರೆಂಡ್ಸ್’ ಎಂಬಲ್ಲಿ ಪಕ್ಕದ ‘ಫ್ರೆಂಡ್ಸ್’ ನೋಡಿ ಮೋಸಹೋಗಬಾರದು. ಒಡೆಯ ಆ ‘ಒನ್’.

‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಬಗ್ಗೆ ತಮಾಷೆ ಮಾಡುವವರು ಕಾರಣ ಹೇಳುವುದಿಲ್ಲ. ಒಡೆತನ, ನಂಟು, ಕಾಯಿಲೆ ಇವು ಸ್ಥಿತಿಗಳು, ಅವಕ್ಕೆ ‘ಹ್ಯಾವಿಂಗ್’ ಸಲ್ಲದು. ಊಟ, ಸ್ನಾನ, ಮಾತುಕತೆ ನಡೆಯುತ್ತಿರುವ ಕೆಲಸಗಳು. ‘ವೀ ಆರ್ ಹ್ಯಾವಿಂಗ್ ಲಂಚ್’ ಸರಿಯಾದ ಇಂಗ್ಲಿಷ್. ‘ಹ್ಯಾವ್’ ಬರುವ ಮಾತನ್ನು ಕನ್ನಡದಲ್ಲಿ ‘ಮಾಡುತ್ತಿದ್ದೇವೆ’ ಎನ್ನಲು ಬಂದರೆ ಸಾಮಾನ್ಯವಾಗಿ ‘ಹ್ಯಾವಿಂಗ್’ ಹೊಂದುತ್ತದೆ.

‘ಹ್ಯಾವ್ ಟು’ ನಮಗೆ ಸುಲಭ. ‘ಶೀ ಹ್ಯಾಸ್ ಟು ಗೋ’ ಎಂದರೆ ಹೋಗಬೇಕು, ‘ಶೀ ಡಸಂಟ್ ಹ್ಯಾವ್ ಟು ಗೋ’ ಎಂದರೆ ಹೋಗಬೇಕಾಗಿಲ್ಲ. ‘ಹೋಗಬಾರದು’ ಎನ್ನಲು ‘ಮಸ್ಟ್ ನಾಟ್’ ಬೇಕು. ಈ ‘ಬೇಕಾಗಿಲ್ಲ’, ‘ಬಾರದು’ ಕನ್ನಡದಲ್ಲೂ ಬೇರೆ ಬೇರೆಯಾಗಿರುವುದರಿಂದ ಇಲ್ಲಿ ನೇರವಾಗಿ ಅನುವಾದಿಸಿದರೂ ಕೆಡುವುದಿಲ್ಲ.