ಹೊಸೂರಿನಿಂದ ಬೆಂಗಳೂರಿಗೆ ಪಿಜ್ಜಾ ತಿನ್ನೋಕೆ ಹೋಗುವವರಿಗೆ: ಯಾವ ಅಂಗಡಿ, ಏನು ನೋಡಬೇಕು

ಮೊದಲನೇ ಮಾತು: ಬೆಂಗಳೂರಿನಿಂದ ಹೊಸೂರಿಗೆ ಪಿಜ್ಜಾ ಪಾರ್ಸೆಲ್ ತರಬೇಡಿ. ಬೆಂಗಳೂರಲ್ಲಿ ಕೆಲಸ ಮಾಡೋ ಮಗನೋ ಮಗಳೋ ಶನಿವಾರ ಸಂಜೆ ಒಳ್ಳೆ ಅಂಗಡಿಯ ಪಿಜ್ಜಾ ಹಿಡಿದು ಊರಿಗೆ ಹೊರಡ್ತಾರೆ, ಸಿಲ್ಕ್ ಬೋರ್ಡ್ ದಾಟಿ, ಎಲೆಕ್ಟ್ರಾನಿಕ್ ಸಿಟಿ ದಾಟಿ, ಅತ್ತಿಬೆಲೆ ಟೋಲ್ ಹತ್ತಿರ ಬರುವಷ್ಟರಲ್ಲಿ ಡಬ್ಬಿಯೊಳಗಿನ ಹಬೆಗೆ ಬೇಸ್ ಒದ್ದೆಯಾಗಿರುತ್ತೆ, ಚೀಸ್ ಬಿಗಿದುಕೊಂಡಿರುತ್ತೆ. ಮನೆಯವರು ಒಂದು ಪೀಸ್ ತಿಂದು "ಇದಕ್ಕಾ ಇಷ್ಟು ದುಡ್ಡು ಕೊಟ್ಟೆ?" ಅಂತಾರೆ. ಒಲೆಯಿಂದ ಇಳಿದ ಐದು ನಿಮಿಷದೊಳಗೆ ತಿನ್ನಬೇಕಾದ ತಿಂಡಿ ಅದು. ಹಾಗಾಗಿ ಪಿಜ್ಜಾನ ಮನೆಗೆ ತರುವ ಬದಲು ಮನೆಯವರನ್ನೇ ಒಲೆ ಹತ್ತಿರ ಕರ್ಕೊಂಡು ಹೋಗಿ.

ಈಗ ಅದೇನೂ ಕಷ್ಟ ಇಲ್ಲ. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಲೈನ್ ಶುರುವಾಯ್ತಲ್ವಾ, ಡೆಂಕಣಿಕೋಟೆ, ಬಾಗಲೂರು ಕಡೆಯವರಿಗೂ ಅದರಿಂದ ಅನುಕೂಲ ಆಗಿದೆ. ಹೊಸೂರಲ್ಲಿ ಬೆಂಗಳೂರು ಬಸ್ ಹತ್ತಿ ಬೊಮ್ಮಸಂದ್ರದಲ್ಲಿ ಇಳಿಯಿರಿ. ಅಲ್ಲಿಂದ ಆರ್.ವಿ. ರೋಡ್‌ವರೆಗೆ ಹಳದಿ, ಮೆಜೆಸ್ಟಿಕ್‌ವರೆಗೆ ಹಸಿರು, ಆಮೇಲೆ ನೇರಳೆ. ಎಂ.ಜಿ. ರೋಡ್, ಇಂದಿರಾನಗರ ಎರಡೂ ನೇರಳೆ ಲೈನಲ್ಲೇ ಸಿಗುತ್ತವೆ. ಸ್ವಲ್ಪ ಸುತ್ತು ನಿಜ, ಆದರೆ ವಯಸ್ಸಾದವರನ್ನು ಕರ್ಕೊಂಡು ಹೋಗುವಾಗ ಟ್ರಾಫಿಕ್‌ನಲ್ಲಿ ಕಾರೊಳಗೆ ಕೂತು ಬೇಯೋದಕ್ಕಿಂತ ಇದೇ ವಾಸಿ.

ಇನ್ನು ಅಂಗಡಿ ಆರಿಸೋದು. ಮೆನುವಿನಲ್ಲಿ ಎಷ್ಟು ಥರದ ಟಾಪಿಂಗ್ ಇದೆ ಅಂತ ನೋಡೋದು ಬಿಟ್ಟು ಒಲೆ ನೋಡಿ. ಪಿಜ್ಜಾದ ತವರು ಇಟಲಿಯ ನೇಪಲ್ಸ್ ನಗರ. ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು 2017ರಲ್ಲಿ ಯುನೆಸ್ಕೋ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅವರದೇ ಒಂದು ಸಂಘ 1984ರಿಂದ ಇದೆ, ಅದರ ನಿಯಮಗಳು ಬಹಳ ಕಟ್ಟುನಿಟ್ಟು: ಒಲೆ 430 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಕಾದಿರಬೇಕು, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೆಂದು ಹೊರಗೆ ಬರಬೇಕು. ಇಷ್ಟು ಬಿಸಿ ಯಾಕೆ ಅಂದ್ರೆ, ಹಿಟ್ಟಿನೊಳಗಿನ ನೀರು ಒಣಗಿಹೋಗುವ ಮೊದಲೇ ಅಂಚು ಉಬ್ಬಿಬಿಡಬೇಕು. ಆಗ ಹೊರಗೆ ಸುಟ್ಟ ಘಮ, ಒಳಗೆ ಮೆತ್ತಗೆ. ಮನೆಯ ಓವನ್ ಸಾಮಾನ್ಯವಾಗಿ 250 ಡಿಗ್ರಿಗೆ ನಿಂತುಬಿಡುತ್ತೆ, ಅದರಲ್ಲಿ ಬೇಯೋಕೆ ಎಂಟು ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಬೇಸ್ ಒಣಗಿ ಬಿಸ್ಕತ್ ಆಗಿರುತ್ತೆ.

ಸೌದೆ ಒಲೆ ಕಾಣುವ ಹಾಗೆ ಇಟ್ಟಿದ್ದರೆ ಅದರ ಎದುರಿನ ಟೇಬಲ್ ಕೇಳಿ ಕೂತುಕೊಳ್ಳಿ. ಮಾಡುವವನು ಲಟ್ಟಣಿಗೆ ಮುಟ್ಟದೆ ಬೆರಳಲ್ಲೇ ನಡುವಿನಿಂದ ಅಂಚಿಗೆ ಗಾಳಿ ತಳ್ಳುತ್ತಾ ಹಿಟ್ಟು ಅಗಲ ಮಾಡ್ತಿದ್ದಾನಾ? ಒಲೆಗೆ ಹಾಕಿದ ಮೇಲೆ ಉದ್ದ ಹಿಡಿಯ ಸಟ್ಟುಗದಲ್ಲಿ ಆಗಾಗ ತಿರುಗಿಸ್ತಾನಾ? ಬೆಂಕಿ ಇರೋದು ಒಂದೇ ಕಡೆ, ತಿರುಗಿಸದಿದ್ದರೆ ಆ ಬದಿ ಕರಕಲಾಗುತ್ತೆ.

ಎರಡನೆಯದು ಹಿಟ್ಟು. ದೋಸೆ ಹಿಟ್ಟು ಸರಿಯಾಗಿ ಹುದುಗು ಬರದಿದ್ದರೆ ಚಟ್ನಿ ಎಷ್ಟೇ ಚೆನ್ನಾಗಿದ್ದರೂ ದೋಸೆ ಚಪ್ಪೆ ಅಲ್ವಾ, ಇಲ್ಲೂ ಹಾಗೇ. ಒಳ್ಳೆ ಅಂಗಡಿಗಳು ಒಂದು ದಿನವಾದರೂ ಹಿಟ್ಟನ್ನು ಹುದುಗೋಕೆ ಬಿಡುತ್ತವೆ. "ಹಿಟ್ಟು ಎಷ್ಟು ಗಂಟೆ ಇಟ್ಟಿರ್ತೀರಾ?" ಅಂತ ಸಂಕೋಚ ಪಡದೆ ಕೇಳಿ. ಕಾಳಜಿ ಇರುವ ಅಂಗಡಿಯವರು ಖುಷಿಯಾಗಿ ಹೇಳ್ತಾರೆ.

ಮೊದಲ ಸಲ ಹೋದಲ್ಲಿ ಮಾರ್ಗರಿಟಾನೇ ತರಿಸಿ. ಟೊಮೆಟೊ, ಚೀಸ್, ತುಳಸಿ ಜಾತಿಯ ಬೇಸಿಲ್ ಎಲೆ, ಆಲಿವ್ ಎಣ್ಣೆ, ಅಷ್ಟೇ. ಪನ್ನೀರ್, ಜೋಳ, ಮಯೋನೀಸ್ ಹೇರಿದರೆ ಕೆಟ್ಟ ಬೇಸ್ ಕೂಡ ಮುಚ್ಚಿಹೋಗುತ್ತೆ, ಮಾರ್ಗರಿಟಾದಲ್ಲಿ ಮುಚ್ಚಿಡೋಕೆ ಜಾಗವೇ ಇಲ್ಲ. ಪೀಸ್ ಎತ್ತಿ ಕೆಳಗಡೆ ನೋಡಿ. ಕಂದು ಬಣ್ಣದ ಮೇಲೆ ಅಲ್ಲಲ್ಲಿ ಸಣ್ಣ ಕಪ್ಪು ಚುಕ್ಕೆ ಇದ್ದರೆ ಚೆನ್ನಾಗಿ ಬೆಂದಿದೆ. ಬಿಳಚಿಕೊಂಡಿದ್ದರೆ ಒಲೆ ಕಾದಿರಲಿಲ್ಲ. ಅಂಚನ್ನು ಮುರಿದರೆ ಒಳಗೆ ದೊಡ್ಡದು ಚಿಕ್ಕದು ಗಾಳಿಗುಳ್ಳೆಗಳು ಕಾಣಬೇಕು.

ಒಂದು ವಿಷಯಕ್ಕೆ ನಮ್ಮ ಕಡೆಯವರು ಪಿಜ್ಜಾ ವಾಪಸ್ ಕಳಿಸಿಬಿಡ್ತಾರೆ: ನಡುಭಾಗ ಒದ್ದೆಯಾಗಿ ಜೋತುಬೀಳೋದು. ನೇಪಲ್ಸ್ ಥರದ ಪಿಜ್ಜಾ ಇರೋದೇ ಹಾಗೆ, ಹಸಿ ಅಂದ್ಕೋಬೇಡಿ. ತಾಜಾ ಮೊಝರೆಲ್ಲಾ ಚೀಸ್ ನೀರು ಬಿಡುತ್ತೆ. ಪೀಸನ್ನು ಉದ್ದಕ್ಕೆ ಮಡಚಿ ತಿನ್ನಿ, ಇಲ್ಲ ಫೋರ್ಕ್ ಹಿಡಿಯಿರಿ. ಉಪ್ಪು ಖಾರ ಸಾಲದು ಅಂತಾನೂ ಅನ್ನಿಸುತ್ತೆ. ಮೊದಲ ಪೀಸ್ ಹಾಗೇ ತಿಂದು ನೋಡಿ, ಎರಡನೆಯದಕ್ಕೆ ಚಿಲ್ಲಿ ಆಯಿಲ್ ಕೇಳಿ.

ಅಂಗಡಿಗಳ ವಿಷಯಕ್ಕೆ ಬಂದರೆ, ನನ್ನ ಮೊದಲ ಆಯ್ಕೆ ಚರ್ಚ್ ಸ್ಟ್ರೀಟಿನ ಬ್ರಿಕ್ ಓವನ್. ಸೌದೆ ಒಲೆ ಇದೆ, ಎಂ.ಜಿ. ರೋಡ್ ಮೆಟ್ರೋದಿಂದ ನಡೆದುಕೊಂಡೇ ಹೋಗಬಹುದು, ಹೊಸೂರಿಂದ ಬರುವವರಿಗೆ ಇದಕ್ಕಿಂತ ಸಲೀಸು ಬೇರೆ ಇಲ್ಲ. ಇಂದಿರಾನಗರದ ದಿ ಪಿಜ್ಜಾ ಬೇಕರಿಯಲ್ಲಿ ಸೌರ್‌ಡೋ ಬೇಸ್, ಅಂದರೆ ಪ್ಯಾಕೆಟ್ ಯೀಸ್ಟಿನ ಬದಲು ಹಳೇ ಹುಳಿಹಿಟ್ಟಿನಿಂದ ಹುದುಗು ಬರಿಸಿದ್ದು. ಆ ಸಣ್ಣ ಹುಳಿ ನನಗಂತೂ ಬಹಳ ಇಷ್ಟ, ಅಂಚು ಬಿಡೋಕೇ ಮನಸ್ಸು ಬರಲ್ಲ. ಅದೇ ಇಂದಿರಾನಗರದಲ್ಲಿ 2024ರಲ್ಲಿ ಪಿಜ್ಜಾ ಫೋರ್ ಪೀಸ್ (Pizza 4P's) ಬಂತು. ಜಪಾನಿನ ದಂಪತಿ 2011ರಲ್ಲಿ ವಿಯೆಟ್ನಾಮಿನಲ್ಲಿ ಶುರು ಮಾಡಿದ ಅಂಗಡಿ ಇದು, ಚೀಸ್ ತಾವೇ ಮಾಡ್ತಾರೆ. ಮೊದಲ ಸಲ ಆದರೆ ಬುರಾಟಾ ಚೀಸ್ ಇಟ್ಟಿರೋದನ್ನು ತರಿಸಿ, ಕತ್ತರಿಸಿದಾಗ ಒಳಗಿನ ಕೆನೆ ಬಿಸಿ ಪಿಜ್ಜಾ ಮೇಲೆ ಹರಡುತ್ತೆ. ಒಂದೇ ಪಿಜ್ಜಾದಲ್ಲಿ ಅರ್ಧರ್ಧ ಎರಡು ಥರ ಕೇಳಬಹುದು, ಮಕ್ಕಳಿದ್ದರೆ ಜಗಳ ಇರಲ್ಲ. ತೆಳ್ಳಗೆ ಗರಿಗರಿ ಬೇಕು ಅನ್ನುವವರು ಯುಬಿ ಸಿಟಿಯ ಟಸ್ಕಾನೋ ನೋಡಬಹುದು, ದುಡ್ಡು ಸ್ವಲ್ಪ ಜಾಸ್ತಿ.

ಭಾರತದ ಮೊದಲ ಪಿಜ್ಜಾ ಹಟ್ 1996ರಲ್ಲಿ ಶುರುವಾಗಿದ್ದು ಬೆಂಗಳೂರಲ್ಲೇ. ನಮ್ಮಲ್ಲಿ ಎಷ್ಟೋ ಜನಕ್ಕೆ ಪಿಜ್ಜಾ ಅಂದರೆ ಆ ದಪ್ಪ, ಎಣ್ಣೆ ಹಿಡಿದ ಪ್ಯಾನ್ ಬೇಸ್. ಅದು ಬೇರೆ ರುಚಿ, ಅದಕ್ಕೆ ಬೆಂಗಳೂರಿನವರೆಗೆ ಹೋಗೋದು ಬೇಡ.

ಪೂರ್ತಿ ಸಸ್ಯಾಹಾರಿಗಳು ಜೊತೆಗಿದ್ದರೆ ಒಂದು ಮಾತು ಕೇಳಲೇಬೇಕು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ. ವೆಜ್ ಪಿಜ್ಜಾದ ಮೇಲೂ ಇದನ್ನು ತುರಿದು ಹಾಕುವುದುಂಟು. "ಈ ಚೀಸಿನಲ್ಲಿ ವೆಜ್ ರೆನೆಟ್ಟಾ?" ಅಂತ ಆರ್ಡರ್ ಕೊಡುವ ಮೊದಲೇ ಕೇಳಿ. ಅಜ್ಜಿ ತಾತ ಮಾಂಸ ಬೇಯಿಸುವ ಅಡುಗೆಮನೆಯಲ್ಲಿ ತಿನ್ನೋದೇ ಇಲ್ಲ ಅಂದರೆ ಲಿಟಲ್ ಇಟಲಿಯಂಥ ಶುದ್ಧ ಸಸ್ಯಾಹಾರಿ ಜಾಗಕ್ಕೆ ಹೋಗಿ, ಅವರ ನಂಬಿಕೆಗೆ ನೋವು ಮಾಡಿ ತಿನ್ನಿಸೋದು ಬೇಡ.

ಸೈಜ್ ಲೆಕ್ಕ ಹಾಕಿ. 8 ಇಂಚಿನದು ಎರಡು ತಗೊಂಡರೆ ಸುಮಾರು 100 ಚದರ ಇಂಚು ಪಿಜ್ಜಾ, 12 ಇಂಚಿನದು ಒಂದೇ ತಗೊಂಡರೂ 113. ಬಹಳ ಕಡೆ ದೊಡ್ಡದು ಒಂದೇ ಅಗ್ಗ. ಹೆಸರಿರೋ ಅಂಗಡಿಗಳಲ್ಲಿ ಒಂದಕ್ಕೆ 500ರಿಂದ 800 ರೂಪಾಯಿ ಅಂತ ಇಟ್ಕೊಳ್ಳಿ. ಎರಡು ಮೂರು ಜನಕ್ಕೆ ಒಂದು ತರಿಸಿ, ಮುಗಿದ ಮೇಲೆ ಇನ್ನೊಂದು. ಎಲ್ಲಾ ಒಟ್ಟಿಗೆ ಹೇಳಿದರೆ ಕೊನೆಯದು ತಣ್ಣಗಾಗಿರುತ್ತೆ.

ಬಿಲ್ ಬಂದಾಗ ಸರ್ವಿಸ್ ಚಾರ್ಜ್ ಇದೆಯಾ ನೋಡಿ. ಜಿಎಸ್‌ಟಿ ಕೊಡಲೇಬೇಕು, ಸರ್ವಿಸ್ ಚಾರ್ಜ್ ನಿಮ್ಮಿಷ್ಟ. ಅದನ್ನು ತಾವಾಗೇ ಬಿಲ್ಲಿಗೆ ಸೇರಿಸಬಾರದು ಅಂತ 2022ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತ್ತು, 2025ರಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಬೇಡ ಅಂದರೆ ಮೆಲ್ಲಗೆ ಹೇಳಿ ತೆಗೆಸಿ. ಬಡಿಸಿದ ಹುಡುಗನಿಗೆ ಕೈಯಲ್ಲೇ ಟಿಪ್ಸ್ ಕೊಡಿ.

ಶನಿವಾರ, ಭಾನುವಾರ ರಾತ್ರಿ ಇಂದಿರಾನಗರದಲ್ಲಿ ಕಾಯಬೇಕಾಗುತ್ತೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋದರೆ ಜಾಗವೂ ಸಿಗುತ್ತೆ, ಕತ್ತಲಾಗೋ ಮೊದಲು ಊರಿಗೂ ವಾಪಸ್.

ಪೀಸ್ ಉಳಿದರೆ ಬಿಸಾಡಬೇಡಿ. ಕಟ್ಟಿಸಿಕೊಂಡು ಬಂದು ಮೈಕ್ರೋವೇವ್‌ಗೆ ಇಡಬೇಡಿ, ಬೇಸ್ ರಬ್ಬರ್ ಥರ ಜಗ್ಗುತ್ತೆ. ಮನೆಯ ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ಪೀಸ್ ಇಟ್ಟು ಎರಡು ನಿಮಿಷ ಬಿಡಿ. ತಳ ಗರಿ ಆದ ಮೇಲೆ ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ತಕ್ಷಣ ಮುಚ್ಚಳ ಮುಚ್ಚಿ, ಆ ಹಬೆಗೆ ಚೀಸ್ ಕರಗುತ್ತೆ. ಒಂದು ನಿಮಿಷ ಸಾಕು.