ದೊಡ್ಡ ಟೈರ್ ಹಾಕಿಸಿದ ಪಿಕಪ್‌ಗೆ ಯಾವ ಗೇರ್ ಹೊಂದುತ್ತದೆ?

ಪಿಕಪ್‌ಗೆ ಎತ್ತರದ ಟೈರ್ ಹಾಕಿಸಿಕೊಂಡ ಗೆಳೆಯರು ಮೊದಲು ಫೋಟೊ ಕಳಿಸುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ ಫೋನ್ ಮಾಡಿ, ಗಾಡಿ ಎಳೆಯುತ್ತಿಲ್ಲ, ಎಂಜಿನ್‌ಗೆ ಏನಾಯಿತೋ ಎಂದು ಗೋಳಾಡುತ್ತಾರೆ. ಎಂಜಿನ್‌ಗೆ ಏನೂ ಆಗಿರುವುದಿಲ್ಲ. ಅವರು ದುಡ್ಡು ಕೊಟ್ಟು ಆಕ್ಸಲ್ ಗೇರ್ ಅನುಪಾತವನ್ನು (ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ) ಕೆಡಿಸಿಕೊಂಡಿರುತ್ತಾರೆ, ಅಷ್ಟೆ. ನಾನಿರುವ ಡೆನ್ವರ್‌ನಲ್ಲಿ ಇದು ಬೇಗ ಬಯಲಾಗುತ್ತದೆ. ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಹತ್ತಿರ 11,158 ಅಡಿಗೆ ಏರುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಅಲ್ಲಿಗೆ ತಲುಪುವ ಹೊತ್ತಿಗೆ ಮೂರನೇ ಒಂದು ಭಾಗ ಹೋಗಿರುತ್ತದೆ. ಅದರ ಮೇಲೆ ತಪ್ಪು ಗೇರ್ ಇದ್ದರೆ ಲಾರಿಗಳ ಸಾಲಿನಲ್ಲಿ ಸೇರಿಕೊಳ್ಳುವುದೇ ಗತಿ.

ಮೊದಲು ನಿಮ್ಮ ಗಾಡಿಯ ಈಗಿನ ಅನುಪಾತ ತಿಳಿಯಬೇಕು. ನನ್ನದು ಟೊಯೋಟಾ ಟಕೋಮಾದ ಮೂರನೇ ಪೀಳಿಗೆಯದು, 3.5 ಲೀಟರ್ ವಿ6, ಆಟೊಮ್ಯಾಟಿಕ್. ಇದರ ಅನುಪಾತ 3.91: ಆಕ್ಸಲ್ ಒಳಗಿನ ದೊಡ್ಡ ಕ್ರೌನ್ ಗೇರಿನಲ್ಲಿ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್‌ನಲ್ಲಿ 11. ಇದೇ ಗಾಡಿಯ ಮ್ಯಾನ್ಯುಯಲ್ ಮಾದರಿಯಲ್ಲಿ 4.30 ಇರುತ್ತದೆ, ಆದ್ದರಿಂದ ಪಕ್ಕದ ಮನೆಯವರ ಗಾಡಿ ನೋಡಿ ಊಹಿಸಬೇಡಿ. ಚಾಲಕನ ಬಾಗಿಲ ಚೌಕಟ್ಟಿನ ಲೇಬಲ್‌ನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಹಳೆಯ ಗಾಡಿ ಕೊಂಡಿದ್ದು, ಹಿಂದಿನ ಮಾಲೀಕ ಏನು ಮಾಡಿಸಿದ್ದಾನೋ ಎಂಬ ಅನುಮಾನವಿದ್ದರೆ ಎಣಿಸಿಯೇ ನೋಡಿ. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಚಕ್ರವನ್ನು ಎರಡು ಸುತ್ತು ತಿರುಗಿಸಿ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇನ್ನೊಂದು ಚಕ್ರ ನೆಲಕ್ಕೂರಿದ್ದಾಗ, ಈ ಚಕ್ರದ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ. ಶಾಫ್ಟ್ ನಾಲ್ಕು ಸುತ್ತಿಗೆ ಒಂದಿಷ್ಟು ಕಡಿಮೆ ತಿರುಗಿದರೆ ಅದು 3.91.

ಟೈರಿನಲ್ಲಿ ನೋಡಬೇಕಾದದ್ದು ಎತ್ತರ. ಅಗಲ ಈ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯಿಂದ ಬಂದ 265/70R16 ಟೈರಿನ ಎತ್ತರ 30.6 ಇಂಚು (265ರ ಶೇ 70ರ ಎರಡರಷ್ಟನ್ನು 25.4ರಿಂದ ಭಾಗಿಸಿ, ರಿಮ್ಮಿನ 16 ಸೇರಿಸಿ). ‘ಮೂವತ್ತಮೂರು’ ಎಂದು ಮಾರುವ 285/75R16 ನಿಜವಾಗಿ 32.8. ಹಳೆಯ ಎತ್ತರವನ್ನು ಹೊಸ ಎತ್ತರದಿಂದ ಭಾಗಿಸಿ 3.91ರಿಂದ ಗುಣಿಸಿದರೆ 3.65 ಬರುತ್ತದೆ. ನೀವು ಗೇರ್ ಮುಟ್ಟದಿದ್ದರೂ ಗಾಡಿಗೆ ಈಗ ಅನಿಸುವ ಅನುಪಾತ ಅದು. 35 ಇಂಚಿಗೆ ಹೋದರೆ 3.42ಕ್ಕೆ ಇಳಿಯುತ್ತದೆ. ಸಂಖ್ಯೆ ಇಳಿದಷ್ಟೂ ಎಳೆತ ಕಡಿಮೆ; ಸಣ್ಣ ಗೇರಿನಲ್ಲಿ ಹೊರಡಬೇಕಾದ ಸೈಕಲ್ಲನ್ನು ದೊಡ್ಡ ಗೇರಿನಲ್ಲೇ ತುಳಿದಂತೆ.

ಮೊದಲಿನ ಹದ ವಾಪಸು ಬೇಕೆಂದರೆ ಭಾಗಾಕಾರವನ್ನು ತಿರುವಿಹಾಕಿ: 32.8ನ್ನು 30.6ರಿಂದ ಭಾಗಿಸಿ 3.91ರಿಂದ ಗುಣಿಸಿದರೆ 4.19. ಅಂಗಡಿಯಲ್ಲಿ 4.19 ಸಿಗುವುದಿಲ್ಲ, ಸಿಗುವುದು 4.30, 4.56, 4.88, 5.29. ಸಮತಟ್ಟಾದ ಊರಿನವರು, ಟ್ರೇಲರ್ ಎಳೆಯದವರು 4.30ಕ್ಕೆ ನಿಲ್ಲಬಹುದು. ಬೆಟ್ಟದವರಿಗೆ ನನ್ನ ಸಲಹೆ ಒಂದು ಮೆಟ್ಟಿಲು ಮುಂದೆ, 4.56. ಸೂತ್ರ ಎತ್ತರವನ್ನಷ್ಟೇ ಸರಿದೂಗಿಸುತ್ತದೆ. ದೊಡ್ಡ ಟೈರಿನ ಹೆಚ್ಚಿನ ತೂಕ, ಲಿಫ್ಟ್ ಮಾಡಿದ ಗಾಡಿಗೆ ಎದುರಾಗುವ ಗಾಳಿ ಅದರಲ್ಲಿಲ್ಲ. 35 ಹಾಕುವವರಿಗೆ ಲೆಕ್ಕ 4.47 ಎನ್ನುತ್ತದೆ, ನಾನು 4.88 ಎನ್ನುತ್ತೇನೆ. 5.29 ಅಂದರೆ ಪಿನಿಯನ್‌ನಲ್ಲಿ ಉಳಿಯುವುದು ಏಳೇ ಹಲ್ಲು. ಪಿನಿಯನ್ ತಲೆ ಚಿಕ್ಕದಾದಷ್ಟೂ ಒರಟು ದಾರಿಯಲ್ಲಿ ನನಗೆ ಧೈರ್ಯ ಸಾಲದು.

ಹೆದ್ದಾರಿಯಲ್ಲಿ ಎಂಜಿನ್ ಕಿರುಚುತ್ತದೆ ಎಂಬ ಹೆದರಿಕೆಗೂ ಲೆಕ್ಕವಿದೆ. ಗಂಟೆಗೆ ಮೈಲಿ × ಆಕ್ಸಲ್ ಅನುಪಾತ × ಟಾಪ್ ಗೇರ್ ಅನುಪಾತ × 336, ಇದನ್ನು ಟೈರ್ ಎತ್ತರದಿಂದ ಭಾಗಿಸಿ. ಟಕೋಮಾದ ಆರನೇ ಗೇರ್ 0.58. ಮೂಲ ಟೈರಿನಲ್ಲಿ 65 ಮೈಲಿಗೆ ಸುಮಾರು 1,620 ಆರ್‌ಪಿಎಂ. 32.8 ಇಂಚಿನ ಟೈರಿಗೆ 4.56 ಹಾಕಿದರೆ 1,760. ವ್ಯತ್ಯಾಸ 140, ಇದಕ್ಕೆ ಕಿವಿ ಮುಚ್ಚಿಕೊಳ್ಳಬೇಕಿಲ್ಲ. ಬದಲಿಗೆ ಏರಿನಲ್ಲಿ ಐದಕ್ಕೂ ಆರಕ್ಕೂ ಗೇರ್ ಒದ್ದಾಡುವುದು ಕಡಿಮೆಯಾಗುತ್ತದೆ. 265/75R16ರಂತಹ ಒಂದೇ ಇಂಚಿನ ಏರಿಕೆಗೆ ಮಾತ್ರ ಗೇರ್ ಬದಲಾಯಿಸುವುದು ದುಂದು.

ಫೋರ್ ವೀಲ್ ಡ್ರೈವ್ ಆಗಿದ್ದರೆ ಮುಂದೆಯೂ ಹಿಂದೆಯೂ ಒಂದೇ ಅನುಪಾತ ಬೇಕೇ ಬೇಕು. ಖರ್ಚು ಉಳಿಸಲು ಹಿಂದಿನದನ್ನಷ್ಟೇ ಬದಲಿಸಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಥಿತಿ) ಹಾಕಿದರೆ ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಹಟ ಹಿಡಿದು, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ.

ಬ್ರ್ಯಾಂಡಿಗಿಂತ ಜೋಡಿಸುವ ಕೈ ಮುಖ್ಯ. ಗ್ಯಾರೇಜಿನವರನ್ನು ಎರಡು ಪ್ರಶ್ನೆ ಕೇಳಿ: ಬ್ಯಾಕ್‌ಲ್ಯಾಶ್ ಎಷ್ಟಿಟ್ಟಿರಿ, ಹಲ್ಲಿನ ಅಚ್ಚಿನ ಫೋಟೊ ಎಲ್ಲಿ? ಬ್ಯಾಕ್‌ಲ್ಯಾಶ್ ಅಂದರೆ ಎರಡು ಗೇರ್‌ಗಳ ಹಲ್ಲುಗಳ ನಡುವೆ ಬಿಡುವ ಸಡಿಲ; ಅದು ಗೇರ್ ತಯಾರಕರು ಹೇಳಿದ ಮಿತಿಯಲ್ಲಿರಬೇಕು, ಸಾಮಾನ್ಯವಾಗಿ ಒಂದಿಂಚಿನ ಸಾವಿರದ 6ರಿಂದ 10 ಭಾಗ. ಹಲ್ಲುಗಳಿಗೆ ಹಳದಿ ಪೇಸ್ಟ್ ಬಳಿದು ತಿರುಗಿಸಿದಾಗ ಬಣ್ಣ ಅಳಿಸಿಹೋದ ಮೊಟ್ಟೆಯಾಕಾರದ ಗುರುತು ಹಲ್ಲಿನ ತುದಿಗೂ ಬುಡಕ್ಕೂ ನಡುವೆ ಬಿದ್ದಿರಬೇಕು. ಬುಡಕ್ಕೆ ಜಾರಿದ್ದರೆ ಪಿನಿಯನ್ ತೀರಾ ಒಳಗೆ ಕೂತಿದೆ. ಶಿಮ್ (ಆಳ ಹೊಂದಿಸುವ ತೆಳು ಬಿಲ್ಲೆ) ಬದಲಿಸಿ ಮತ್ತೆ ಬಿಗಿಯಬೇಕು. ಫೋಟೊ ತೋರಿಸಲು ಮುಖ ತಿರುಗಿಸುವವರಿಗೆ ನನ್ನ ಗಾಡಿಯನ್ನು ನಾನು ಕೊಡುವುದಿಲ್ಲ.

ಗಾಡಿ ಕೈಗೆ ಬಂದ ಮೇಲೆ ಮೊದಲ ಸವಾರಿ 15-20 ಮೈಲಿ ಹಗುರವಾಗಿ ಇರಲಿ, ಆಮೇಲೆ ಪೂರ್ತಿ ಆರಲು ಬಿಡಿ. ಇದನ್ನು ಕೆಲವು ಸಲ ಮಾಡಿ. 500 ಮೈಲಿ ಮುಗಿಯುವವರೆಗೆ ಟ್ರೇಲರ್ ಬೇಡ. ಮುಗಿದ ಕೂಡಲೇ ಡಿಫರೆನ್ಷಿಯಲ್ ಎಣ್ಣೆ ಬದಲಿಸಿ. ಡ್ರೇನ್ ಪ್ಲಗ್‌ನ ಅಯಸ್ಕಾಂತದಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಚಿಂತೆಯಿಲ್ಲ. ಉಗುರಿಗೆ ಸಿಗುವಂತಹ ಚೂರು ಇದ್ದರೆ ಅದನ್ನು ಒಂದು ಕವರಿಗೆ ಹಾಕಿಕೊಂಡು ಅಂದೇ ಗ್ಯಾರೇಜಿಗೆ ಹೋಗಿ.