ಯಂತ್ರಕ್ಕೆ ಚಂದ್ರಿಕೆ ಕಲಿಸಿದ್ದು

ಶಿಡ್ಲಘಟ್ಟದ ಕಡೆಯವರಿಗೆ ಚಂದ್ರಿಕೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಹಣ್ಣಾದ ರೇಷ್ಮೆ ಹುಳು ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿ ಅದು. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲ. ಮೇಲೆ ಬಿದಿರ ಪಟ್ಟಿಯನ್ನು ಸುತ್ತು ಸುತ್ತಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಯಾವ ಗೋಡೆ ನೋಡಿದರೂ ಒಂದೆರಡು ಒರಗಿರುತ್ತಿದ್ದವು. ಸಾಲದೆ ಬಂದರೆ ಬಾಡಿಗೆಗೆ ತರುತ್ತಿದ್ದರು. ಈಗ ಅದೇ ಕೆಲಸಕ್ಕೆ ಪ್ಲಾಸ್ಟಿಕ್ಕಿನ ನೇತ್ರಿಕೆ ಜಾಸ್ತಿ.

ಮದುವೆ ಆಲ್ಬಮ್ ಡಿಸೈನ್ ಮಾಡುವುದು ನನ್ನ ಹೊಟ್ಟೆಪಾಡು. ಸೀಸನ್ ಇಲ್ಲದ ದಿನಗಳಲ್ಲಿ ಎಐ ಚಿತ್ರ ಮಾಡೋಕೆ ಶುರು ಮಾಡಿದೆ. ನನಗೆ ಬೇಕಿದ್ದದ್ದು ಇಷ್ಟೇ. ನಂದಿಬೆಟ್ಟದಷ್ಟು ಎತ್ತರದ ಚಂದ್ರಿಕೆ ಬೆಟ್ಟಕ್ಕೆ ಒರಗಿ ನಿಂತಿರಬೇಕು. ಕೆಳಗೆ ಹೆಂಗಸರು ಮೊರದಿಂದ ಹುಳ ಬಿಡುತ್ತಿರಬೇಕು. ನೋಡಿದರೆ 1980ರ ದಶಕದ ಯಾರದ್ದೋ ಮನೆ ಆಲ್ಬಮ್ಮಿನ ಫೋಟೋ ಅನ್ನಿಸಬೇಕು.

ಯಂತ್ರ ಕೊಟ್ಟಿದ್ದು ಬೇರೆ. ರೇಷ್ಮೆ ಹುಳು ಅಂದರೆ ಮಂಜು ಮುಸುಕಿದ ಚೀನಾದ ಬೆಟ್ಟ, ದುಂಡನೆ ತಟ್ಟೆ. ಇಂಡಿಯಾ ಅಂತ ಸೇರಿಸಿದರೆ ರಾಜಸ್ಥಾನಿ ಪೇಟ, ಹಿಂದೆ ಒಂಟೆ. ಹಳೆಯ ಕಾಲ ಅಂದರೆ ಎಲ್ಲದಕ್ಕೂ ಕಾಫಿ ಬಣ್ಣ. ಇದರಲ್ಲಿ ಆಶ್ಚರ್ಯ ಏನಿಲ್ಲ. ಇಂಟರ್ನೆಟ್ಟಿನಲ್ಲಿ ಬಿದ್ದಿರುವ ಚಿತ್ರ ಮತ್ತು ಅದರ ಜೊತೆಗಿರುವ ಬರಹ, ಈ ಜೋಡಿಗಳನ್ನು ನೋಡಿ ಇವು ಕಲಿಯುವುದು. 2022ರ ಆಗಸ್ಟ್‌ನಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಅನ್ನುವ ಚಿತ್ರ ಮಾಡುವ ಮಾಡೆಲ್ ಕಲಿತಿದ್ದು ಲಯಾನ್-5ಬಿ ಅನ್ನುವ ರಾಶಿಯ ಒಂದು ಪಾಲಿನಿಂದ. ಆ ರಾಶಿಯಲ್ಲಿ ಸುಮಾರು 585 ಕೋಟಿ ಜೋಡಿಗಳಿದ್ದವು. ಅಷ್ಟರಲ್ಲಿ ನಮ್ಮ ಚಂದ್ರಿಕೆಗೆ ಹೆಸರು ಬರೆದು ಹಾಕಿದವರು ಎಷ್ಟು ಜನ ಇದ್ದಾರು?

ಹಾಗಾಗಿ ನಾನೇ ಕಲಿಸಿದೆ. ಇದಕ್ಕೆ ಲೋರಾ ಅನ್ನುವ ವಿಧಾನ ಇದೆ. ದೊಡ್ಡ ಮಾಡೆಲ್ ಅನ್ನು ಮುಟ್ಟದೆ, ಅದರ ಪಕ್ಕಕ್ಕೆ ಒಂದು ಚಿಕ್ಕ ಫೈಲ್ ಜೋಡಿಸಿ ಹೊಸ ವಸ್ತುವನ್ನು ಪರಿಚಯ ಮಾಡಿಸುವುದು. ಇಪ್ಪತ್ತು ಮೂವತ್ತು ಒಳ್ಳೆ ಫೋಟೋ ಇದ್ದರೆ ಸಾಕು. ಒಂದೇ ಚಂದ್ರಿಕೆಯನ್ನು ಒಂದೇ ಕಡೆಯಿಂದ ತೆಗೆದರೆ ಪ್ರಯೋಜನ ಇಲ್ಲ. ಬಿಸಿಲಲ್ಲಿ, ನೆರಳಲ್ಲಿ, ಹತ್ತಿರದಿಂದ, ದೂರದಿಂದ, ಗೂಡು ತುಂಬಿದ್ದು, ಖಾಲಿ ಇದ್ದದ್ದು, ಎಲ್ಲ ಬೇಕು. ಪ್ರತಿ ಫೋಟೋಗೂ ಏನೇನಿದೆ ಅಂತ ಬರೆಯಬೇಕು. ಗೋಡೆ ಇದ್ದರೆ ಗೋಡೆ, ಸೈಕಲ್ ಇದ್ದರೆ ಸೈಕಲ್. ಬರೆಯದೆ ಬಿಟ್ಟರೆ ಅದು ಸೈಕಲ್ಲೂ ಚಂದ್ರಿಕೆಯ ಭಾಗ ಅಂತಲೇ ತಿಳಿಯುತ್ತದೆ. ನನ್ನ ಲ್ಯಾಪ್‌ಟಾಪಿಗೆ ಇಷ್ಟು ಕೆಲಸ ಎಳೆಯುವ ತಾಕತ್ತಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜಿಪಿಯು, ಅಂದರೆ ಇಂಥ ಭಾರಿ ಲೆಕ್ಕ ಎಳೆಯುವ ಚಿಪ್, ತಗೊಂಡು ಮಾಡಿದೆ.

ಬೆಟ್ಟದ ಆಕಾರ ಮಾತಲ್ಲಿ ಹೇಳಿದರೆ ಬರುವುದಿಲ್ಲ. ನಾನೇ ತೆಗೆದ ಫೋಟೋವನ್ನು ಕಂಟ್ರೋಲ್‌ನೆಟ್ ಅನ್ನುವ ಇನ್ನೊಂದು ಸಾಧನಕ್ಕೆ ಕೊಟ್ಟೆ. ಅದು ಹತ್ತಿರ ದೂರದ ಲೆಕ್ಕ ಹಿಡಿದುಕೊಂಡು ಉಳಿದದ್ದನ್ನು ಹೊಸದಾಗಿ ಬರೆಯುತ್ತದೆ. ಕೈಬೆರಳು ಕೆಟ್ಟರೆ ಅಷ್ಟು ಜಾಗಕ್ಕೆ ಗುರುತು ಹಾಕಿ ಮತ್ತೆ ಬರೆಸಬಹುದು. ಕನ್ನಡ ಬೋರ್ಡು ಮಾತ್ರ ಅದರ ಕೈಗೆ ಬಿಡಬೇಡಿ. ಜಿಲೇಬಿ ಸುತ್ತಿ ಇಡುತ್ತದೆ. ಅದನ್ನು ಫೋಟೋಶಾಪಿನಲ್ಲಿ ನಾನೇ ಹಾಕುತ್ತೇನೆ.

ಬಣ್ಣವನ್ನೂ ಯಂತ್ರಕ್ಕೆ ಬಿಡುವುದಿಲ್ಲ. ನಿಮ್ಮ ಮನೆ ಹಳೇ ಕಲರ್ ಫೋಟೋ ತೆಗೆದು ನೋಡಿ, ಕಾಫಿ ಬಣ್ಣ ಎಲ್ಲಿದೆ? ಕೆಂಪಗಾಗಿರುತ್ತದೆ ಅಲ್ವಾ? ಕಲರ್ ಪ್ರಿಂಟಿನಲ್ಲಿ ಸಯಾನ್ (ಹಸಿರು ಮಿಶ್ರಿತ ನೀಲಿ), ಮೆಜೆಂಟಾ (ನೇರಳೆ ಛಾಯೆಯ ಗುಲಾಬಿ), ಹಳದಿ ಅಂತ ಮೂರು ಬಣ್ಣದ ಪದರ. ಆ ಕಾಲದ ಎಷ್ಟೋ ಪೇಪರುಗಳಲ್ಲಿ, ಆಲ್ಬಮ್ ಮುಚ್ಚಿ ಬೀರುವಿನಲ್ಲಿಟ್ಟರೂ, ಮೊದಲು ಮಾಸುವುದು ಸಯಾನ್. ಅದು ಹೋದರೆ ಮೆಜೆಂಟಾ, ಹಳದಿ ಸೇರಿ ಉಳಿಯುವುದು ಕೆಂಪು. ಹಾಗಾಗಿ ನಾನು ಫೋಟೋಶಾಪಿನ ಬಣ್ಣ ತಿದ್ದುವ ಕರ್ವ್ಸ್‌ನಲ್ಲಿ ಸಯಾನ್ ಇಳಿಸುತ್ತೇನೆ, ಕಪ್ಪನ್ನು ಸ್ವಲ್ಪ ಬೂದಿ ಮಾಡುತ್ತೇನೆ. ಮನೆಯೊಳಗಿನ ದೃಶ್ಯ ಆದರೆ ಎದುರಿಂದ ಹೊಡೆದ ಫ್ಲ್ಯಾಶು, ಹಿಂದಿನ ಗೋಡೆ ಮೇಲೆ ಕಪ್ಪು ನೆರಳು. ಇಷ್ಟು ಸಾಕು. ಗೀರು, ಧೂಳು, ಹರಿದ ಅಂಚು ಎಲ್ಲ ಹೇರಿದರೆ ನಾಟಕದ ಸೀನರಿ ಆಗುತ್ತದೆ.

ಚಿತ್ರ ಮುಗಿದ ಮೇಲೆ ದೊಡ್ಡಮ್ಮನಿಗೆ ತೋರಿಸಿದೆ. ಅವರು ಜೀವನಪೂರ್ತಿ ಹುಳ ಸಾಕಿದವರು. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಬೆಟ್ಟದಷ್ಟು ಚಂದ್ರಿಕೆ ಬಗ್ಗೆ ಒಂದು ಮಾತೂ ಇಲ್ಲ. ಯಂತ್ರ ಅದರ ಮೂಲೆಯಲ್ಲಿ ತಾನಾಗಿ ನಾಲ್ಕು ಹಿಪ್ಪುನೇರಳೆ ಎಲೆ ಸೇರಿಸಿತ್ತು. ಅದರ ಮೇಲೆ ಬೆರಳಿಟ್ಟರು.

"ಹಣ್ಣಾದ ಹುಳ ಸೊಪ್ಪು ತಿಂತವೇನಮ್ಮ? ಯಾರು ಹಾಕಿದ್ದು ಇಲ್ಲಿ?"

ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವುದು, ಎದ್ದು, ಮೈ ಹಳದಿಗೆ ತಿರುಗಿದ ಹುಳ ಮೇವು ಬಿಟ್ಟುಬಿಡುತ್ತದೆ. ದೊಡ್ಡಮ್ಮನಿಗೆ ಸುಳ್ಳು ಅನ್ನಿಸಿದ್ದು ಆ ನಾಲ್ಕು ಎಲೆ ಮಾತ್ರ. ಈಗ ನಾನು ಇಟ್ಟುಕೊಂಡಿರುವ ಲೆಕ್ಕವೂ ಅದೇ. ಒಂದು ಚಿತ್ರಕ್ಕೆ ಒಂದೇ ಅಸಾಧ್ಯ ಸಂಗತಿ. ಉಳಿದದ್ದೆಲ್ಲ ಹುಳ ಸಾಕಿದವರು ಒಪ್ಪುವಂತಿರಬೇಕು. ಹಾರುವ ಮೀನು, ಕರಗುವ ಗಡಿಯಾರ, ಮೂರು ಚಂದ್ರ ಎಲ್ಲ ಒಟ್ಟಿಗೆ ತುರುಕಿದ ಚಿತ್ರಗಳು ನನಗೆ ಬೇಗ ಬೇಜಾರಾಗುತ್ತವೆ. ಯಾವ ಊರಿನದ್ದೂ ಅಲ್ಲದ ಕನಸು ಅವು.

ಆದರೆ ಚೆನ್ನಾಗಿ ಬಂದರೆ ಬೇರೆ ತಾಪತ್ರಯ. ಹಿಂದೆ ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ನ್ಯಾರೋ ಗೇಜ್ ರೈಲು ಓಡುತ್ತಿತ್ತು. ಆ ಪುಟ್ಟ ರೈಲು ಹಿಪ್ಪುನೇರಳೆ ತೋಟದ ನಡುವೆ, ಹಳಿಯೇ ಇಲ್ಲದೆ ಹೋಗುವ ಚಿತ್ರ ಮಾಡಿದೆ. ಯಾರೋ ಅದನ್ನು "ನಮ್ಮ ಹಳೇ ರೈಲಿನ ಅಪರೂಪದ ಫೋಟೋ" ಅಂತ ವಾಟ್ಸಾಪಿನಲ್ಲಿ ಹರಿಬಿಟ್ಟರು. ತಿರುಗಿ ನನಗೇ ಬಂತು. "ಇದೇ ಗಾಡೀಲಿ ಕಾಲೇಜಿಗೆ ಹೋಗ್ತಿದ್ದೆ" ಅಂತ ಒಬ್ಬರು ಬರೆದಿದ್ದರು. ಹಳಿ ಎಲ್ಲಿ ಅಂತ ಯಾರೂ ಕೇಳಿರಲಿಲ್ಲ.

ನನಗೆ ಇದು ಸರಿ ಕಾಣಲಿಲ್ಲ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಅವರ ಎಐ ಚಿತ್ರಕ್ಕೆ ಸೋನಿ ವಿಶ್ವ ಫೋಟೋಗ್ರಫಿ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ, ಇದು ಫೋಟೋ ಅಲ್ಲ ಅಂತ ಹೇಳಿ ಅವರು ಬಹುಮಾನ ಬೇಡ ಅಂದರು. ನನಗೆ ಬಹುಮಾನ ಕೊಡುವವರು ಯಾರೂ ಇಲ್ಲ, ಆದರೂ ಮಾತು ಅದೇ. ಈಗ ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ "ಎಐ ಚಿತ್ರ, ಫೋಟೋ ಅಲ್ಲ" ಅಂತ ಹಾಕುತ್ತೇನೆ. ಅಂಚು ಕತ್ತರಿಸಿ ಕಳಿಸುವವರಿದ್ದಾರೆ ಅಂತ ಗೊತ್ತಾದ ಮೇಲೆ ಚಿತ್ರದ ಒಳಗೂ ಒಂದು ಗುರುತು ಇಡುತ್ತಿದ್ದೇನೆ. ಊರಿನ ನಿಜವಾದ ಮುಖಗಳನ್ನಂತೂ ಬಳಸುವುದಿಲ್ಲ.

ಚಂದ್ರಿಕೆಯ ಲೋರಾ ಫೈಲ್ ಕೇಳಿದವರಿಗೆ ಸುಮ್ನೆ ಕೊಡುತ್ತೇನೆ. ಇನ್ನು ಮೊರ ಮತ್ತು ನೂಲು ತೆಗೆಯುವ ಚರಕ ಬಾಕಿ ಇವೆ. ಚರಕದ ಫೋಟೋ ಬೇಕು, ಹೊಗೆ ಹಬೆ ಇಲ್ಲದ್ದು. ನಿಮ್ಮ ಹತ್ತಿರ ಇದ್ದರೆ ಕಳಿಸಿ.